ಬಾಗಿಲು ಬಿಡಿ, ಆ ಅಜ್ಜನ ಮುಖ ನೋಡಿ

ಬೆಳಿಗ್ಗೆ ಯಾರೋ ಒಂದು ಚಿಕ್ಕ ವಿಡಿಯೋ ಹಾಕಿದ್ದರು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ 'ಡಾಕ್ಟರ್' ಅನ್ನುವ ವಿಚಿತ್ರ ಮುದುಕನ ಕಥೆಯಾಗಿ ಶುರುವಾದ ಬಿಬಿಸಿ ಧಾರಾವಾಹಿ 'ಡಾಕ್ಟರ್ ಹೂ'ದ ಪೈಲಟ್‌ನ, ಅಂದರೆ ಆಗ ಪ್ರಸಾರವಾಗದ ಮೊದಲ ಪ್ರಯೋಗದ ಕಂತಿನ ತುಣುಕು. ಅವನು ಓಡಾಡುವ ಟಾರ್ಡಿಸ್ ಅನ್ನುವ ಯಂತ್ರದ ಒಳಗಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಮುಚ್ಚಿದರೂ ಮತ್ತೆ ತೆರೆದುಕೊಳ್ಳುತ್ತದೆ. ಮಾತಿನ ಮಧ್ಯೆ ದಡಬಡ ಸದ್ದು. ಕೆಳಗೆ ನಗುವ ಮುಖಗಳ ಸಾಲು. "ಇದಕ್ಕೇ ನೋಡಿ ಮತ್ತೆ ಶೂಟ್ ಮಾಡಿದ್ದು" ಅಂತ ವಿವರಣೆ ಬೇರೆ.

ನನಗೆ ನಿಜಕ್ಕೂ ಸಿಟ್ಟು ಬಂತು. ಎಲ್ಲಿ ನೋಡಿದರೂ ಇದೇ ಕಥೆ. ಬಾಗಿಲು ಕೆಟ್ಟಿತ್ತು, ರೀಶೂಟ್ ಆಯಿತು, ಮುಗಿಯಿತು. ನನ್ನ ಅನ್ನ ಹುಟ್ಟುವುದೇ ಸೀರಿಯಲ್ ಎಡಿಟಿಂಗ್‌ನಿಂದ ಅಂತ ನಿಮಗೆಲ್ಲ ಗೊತ್ತಿದೆ. ಬಾಗಿಲು ರಿಪೇರಿ ಮಾಡಿದ ಮಾತ್ರಕ್ಕೆ ಒಂದು ಧಾರಾವಾಹಿ ಅರವತ್ತು ವರ್ಷ ಬದುಕುವುದಿಲ್ಲ. ಬಾಗಿಲನ್ನು ಬಡಗಿ ಸರಿ ಮಾಡುತ್ತಾನೆ. ಪಾತ್ರವನ್ನು ಯಾರು ಸರಿ ಮಾಡಿದರು ಅನ್ನುವುದು ಇಲ್ಲಿನ ಕಥೆ.

1963ರ ಸೆಪ್ಟೆಂಬರ್ 27. ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ 27 ವರ್ಷ. ಬಿಬಿಸಿಯ ನಾಟಕ ವಿಭಾಗದಲ್ಲಿ ಆಗ ಇದ್ದ ಒಬ್ಬರೇ ಮಹಿಳಾ ನಿರ್ಮಾಪಕಿ. ನಿರ್ದೇಶಕ ವಾರಿಸ್ ಹುಸೇನ್‌ಗೆ 24. ಹುಟ್ಟಿದ್ದು ನಮ್ಮ ಲಖನೌದಲ್ಲಿ. ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದ ಅತಿಯಾ ಹೊಸೈನ್ ಅವರ ಮಗ. ಈ ಇಬ್ಬರ ಕೈಗೆ ಸಿಕ್ಕಿದ್ದು ಇಕ್ಕಟ್ಟಾದ ಹಳೇ ಸ್ಟುಡಿಯೋ ಮತ್ತು ಸಣ್ಣ ಬಜೆಟ್. ಟೇಪ್ ಕತ್ತರಿಸಿ ಜೋಡಿಸುವುದು ದುಬಾರಿ. ಹಾಗಾಗಿ ರಂಗದ ಮೇಲೆ ನಾಟಕ ಆಡಿದ ಹಾಗೆ ಹೆಚ್ಚುಕಮ್ಮಿ ಒಂದೇ ಓಟದಲ್ಲಿ ರೆಕಾರ್ಡ್ ಮಾಡಬೇಕು. ಇಂಥದ್ದರಲ್ಲಿ ಬಾಗಿಲು ಕೈಕೊಟ್ಟರೆ ಅದೇನು ದೊಡ್ಡ ಮಾತಾ?

ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಪೈಲಟ್ ನೋಡಿದರು. ಒಪ್ಪಲಿಲ್ಲ. ಮತ್ತೆ ಮಾಡಿ ಅಂದರು. ತಾಂತ್ರಿಕ ತಪ್ಪುಗಳು ಅವರ ಕಣ್ಣಿಗೂ ಬಿದ್ದಿದ್ದವು, ಸರಿ. ಆದರೆ ಅವರ ಮುಖ್ಯ ತಕರಾರು ಡಾಕ್ಟರ್ ಪಾತ್ರದ್ದು. ಆ ಮುದುಕ ತುಂಬಾ ಕಟುವಾಗಿದ್ದಾನೆ, ಅವನಲ್ಲಿ ಒಂದಿಷ್ಟು ತಮಾಷೆ ಬೇಕು, ಜನರಿಗೆ ಅವನ ಮೇಲೆ ಅಕ್ಕರೆ ಹುಟ್ಟಬೇಕು. ಅವರಿಗೆ ಬೇಕಾಗಿದ್ದು ಇದು.

ಪೈಲಟ್‌ನಲ್ಲಿ ಡಾಕ್ಟರ್ ಪಾತ್ರ ಮಾಡಿದ ವಿಲಿಯಂ ಹಾರ್ಟ್ನೆಲ್‌ರನ್ನು ಒಮ್ಮೆ ನೋಡಿ. ಮಾಮೂಲಿ ಸೂಟು, ಟೈ. ಮೊಮ್ಮಗಳು ಸೂಸನ್‌ಳನ್ನು ಹುಡುಕಿಕೊಂಡು ಬಂದ ಇಬ್ಬರು ಮೇಷ್ಟ್ರುಗಳನ್ನು ಕಂಡರೆ ಅವರಿಗೆ ಅಸಹ್ಯ. ಮಾತು ಮಾತಿಗೂ ಧಮಕಿ. ಅಲ್ಲಿಯವರೆಗೆ ಸಿನಿಮಾಗಳಲ್ಲಿ ಗದರಿಸುವ ಸಾರ್ಜೆಂಟ್ ಪಾತ್ರಗಳಿಗೆ ಹೆಸರಾಗಿದ್ದ ನಟ ಅವರು. ಅದೇ ಗತ್ತು ಇಲ್ಲೂ ಇದೆ. ಈಗ ಅಕ್ಟೋಬರ್ 18ರಂದು ಮತ್ತೆ ರೆಕಾರ್ಡ್ ಮಾಡಿದ್ದನ್ನು ನೋಡಿ. ಹಳೇ ಕಾಲದ ಕೋಟು ಬಂದಿದೆ. ಪ್ರಶ್ನೆ ಕೇಳಿದರೆ ನೇರ ಉತ್ತರ ಕೊಡದೆ ಗುಜರಿ ಅಂಗಳದಲ್ಲಿ ಸಿಕ್ಕ ಹಳೇ ಚೌಕಟ್ಟನ್ನು ತಿರುಗಿಸಿ ನೋಡುತ್ತಾರೆ. ತಮಗೆ ತಾವೇ ನಗುತ್ತಾರೆ. ಹಾಗಂತ ಒಳ್ಳೆಯವರೇನೂ ಆಗಿಲ್ಲ. ಮೇಷ್ಟ್ರುಗಳನ್ನು ಈಗಲೂ ಬಲವಂತವಾಗಿಯೇ ಹೊತ್ತೊಯ್ಯುತ್ತಾರೆ. ಆದರೆ ಈ ಮನುಷ್ಯನ ಹಿಂದೆ ಹೋಗಿ ಏನಾಗುತ್ತದೋ ನೋಡೋಣ ಅನ್ನಿಸುತ್ತದೆ. ಪೈಲಟ್‌ನವರನ್ನು ಕಂಡರೆ ನಾನು ಓಡಿಹೋಗುತ್ತಿದ್ದೆ.

ನನಗೆ ಅತಿ ಇಷ್ಟವಾದ ಬದಲಾವಣೆ ಇನ್ನೊಂದಿದೆ. ಪೈಲಟ್‌ನಲ್ಲಿ ಸೂಸನ್ ತಾನು 49ನೇ ಶತಮಾನದಲ್ಲಿ ಹುಟ್ಟಿದವಳು ಅಂತ ಹೇಳಿಬಿಡುತ್ತಾಳೆ. ಪ್ರಸಾರವಾದ ಕಂತಿನಲ್ಲಿ ಆ ಲೆಕ್ಕವೇ ಇಲ್ಲ. ಬೇರೊಂದು ಕಾಲ, ಬೇರೊಂದು ಲೋಕ ಅಂತ ಮಾತ್ರ ಹೇಳುತ್ತಾಳೆ. ಒಂದೇ ಒಂದು ಸಂಖ್ಯೆ ತೆಗೆದರು, ನೋಡಿ. ಆ ಜಾಗ ಖಾಲಿ ಉಳಿಯಿತು. ಡಾಕ್ಟರ್‌ನ ಜನಾಂಗಕ್ಕೆ 'ಟೈಮ್ ಲಾರ್ಡ್' ಅನ್ನುವ ಹೆಸರು ಬಂದದ್ದು 1969ರಲ್ಲಿ. ಅವರ ಗ್ರಹಕ್ಕೆ ಗ್ಯಾಲಿಫ್ರೆ ಅಂತ ಹೆಸರಾದದ್ದು 1973ರಲ್ಲಿ. 49ನೇ ಶತಮಾನ ಅಂತ ಮೊಳೆ ಹೊಡೆದಿದ್ದರೆ ಇದಕ್ಕೆಲ್ಲ ಇಷ್ಟು ಸಲೀಸಾಗಿ ಜಾಗ ಸಿಗುತ್ತಿತ್ತಾ? ಸೂಸನ್ ಪಾತ್ರದಲ್ಲೂ ಹಾಗೇ. ಪೈಲಟ್‌ನಲ್ಲಿ ಅವಳು ಕಾಗದದ ಮೇಲೆ ಶಾಯಿ ಚೆಲ್ಲಿ ವಿಚಿತ್ರ ಆಕಾರ ಬಿಡಿಸುತ್ತಾಳೆ. ನೋಡಿದರೆ ಭಯವಾಗುತ್ತದೆ, ಅಷ್ಟೇ. ಆಮೇಲಿನದರಲ್ಲಿ ಫ್ರೆಂಚ್ ಕ್ರಾಂತಿಯ ಪುಸ್ತಕ ತಿರುವಿ, ಇದು ಸರಿಯಿಲ್ಲ ಅನ್ನುತ್ತಾಳೆ. ಎಂಥಾ ಬರವಣಿಗೆ! ಹುಡುಗಿ ಅಲ್ಲಿ ಹೋಗಿ ಬಂದಿದ್ದಾಳೆ ಅಂತ ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ.

ಇದನ್ನೆಲ್ಲ ಬಿಟ್ಟು ಬಾಗಿಲು, ಬಾಗಿಲು, ಬಾಗಿಲು.

ಪೈಲಟ್‌ನ ಡಾಕ್ಟರೇ ಚೆನ್ನಾಗಿದ್ದ, ಅವನಲ್ಲಿ ನಿಜವಾದ ಪರಕೀಯತೆ ಇತ್ತು, ನ್ಯೂಮನ್ ಅದನ್ನು ಮೆದು ಮಾಡಿ ಹಾಳು ಮಾಡಿದರು ಅನ್ನುವವರೂ ಇದ್ದಾರೆ. ಆ ಕಟುತನಕ್ಕೆ ಒಂದು ಸೆಳೆತ ಇದೆ, ಒಪ್ಪುತ್ತೇನೆ. ಆದರೆ ಅದು ಶನಿವಾರ ಸಂಜೆ ಇಡೀ ಮನೆ ಕೂತು ನೋಡಬೇಕಾದ ಕಾರ್ಯಕ್ರಮ. ಎಂಟು ವರ್ಷದ ಮಗು ಪ್ರತಿ ವಾರ ಆ ಮನುಷ್ಯನನ್ನು ನಂಬಿ ಹೊರಡಬೇಕು. ಇಪ್ಪತ್ತೈದು ನಿಮಿಷದ ಕಂತಿನಲ್ಲಿ ಧಮಕಿಯನ್ನು ಸಹಿಸಬಹುದು. ವರ್ಷಗಟ್ಟಲೆ ಆಗಲ್ಲ. ಇನ್ನು ಧಾರಾವಾಹಿಯನ್ನು ಉಳಿಸಿದ್ದು ಡಿಸೆಂಬರ್‌ನಲ್ಲಿ ಬಂದ ಡಾಲೆಕ್‌ಗಳು ಅನ್ನುವ ಖಳ ಜೀವಿಗಳು ಅನ್ನುತ್ತೀರಾ? ಡಾಲೆಕ್‌ಗಳು ಜನರನ್ನು ಕರೆತಂದವು, ನಿಜ. ಆದರೆ ಡಾಲೆಕ್ ಇಲ್ಲದ ವಾರವೂ ಅವರು ಟಿವಿ ಹಾಕಿದ್ದು ಈ ಅಜ್ಜನಿಗಾಗಿ.

ಯಾಕೆ ಇಷ್ಟು ಹಟ ಅಂತ ಕೇಳಬಹುದು. ನನ್ನ ಟೇಬಲ್ ಮೇಲೆ ಇದರ ಉಲ್ಟಾ ನಡೆದದ್ದನ್ನು ಕಂಡಿದ್ದೇನೆ. ಒಂದು ಚಾನೆಲ್‌ಗೆ ಸೀರಿಯಲ್ ಪೈಲಟ್ ಕಳಿಸಿದ್ದೆವು. ನಾಯಕಿ ಯಾಕೆ ಹಾಗೆ ನಡೆದುಕೊಳ್ಳುತ್ತಾಳೆ ಅಂತ ನಮಗೇ ಸ್ಪಷ್ಟ ಇರಲಿಲ್ಲ. ಅದನ್ನು ಹೇಳಿದೆ ಕೂಡ. ಅಲ್ಲಿಂದ ಬಂದ ಪಟ್ಟಿಯಲ್ಲಿ ಇದ್ದದ್ದು ಸೀರೆಯ ಬಣ್ಣ, ಹಿನ್ನೆಲೆ ಸಂಗೀತ, ಲೈಟಿಂಗ್. ಎಲ್ಲ ತಿದ್ದಿದೆವು. ಪಾತ್ರ ಹಾಗೇ ಉಳಿಯಿತು. ಸೀರಿಯಲ್ ಬೇಗನೆ ನಿಂತುಹೋಯಿತು. ನನಗೆ ಇವತ್ತಿಗೂ ಅದರ ನೋವಿದೆ.

ಅದಕ್ಕೇ ನ್ಯೂಮನ್ ಬಗ್ಗೆ ನನಗೆ ಗೌರವ. ಅವರು ಲ್ಯಾಂಬರ್ಟ್ ಮತ್ತು ಹುಸೇನ್ ಇಬ್ಬರನ್ನೂ ಊಟಕ್ಕೆ ಕರೆದುಕೊಂಡು ಹೋಗಿ, ನ್ಯಾಯವಾಗಿ ನಿಮ್ಮನ್ನು ಕೆಲಸದಿಂದ ತೆಗೆಯಬೇಕಿತ್ತು, ಆದರೆ ತೆಗೆಯಲ್ಲ ಅಂದರಂತೆ. ಹುಸೇನ್ ಅವರೇ ಇದನ್ನು ನೆನಪಿಸಿಕೊಂಡಿದ್ದಾರೆ. ಅದೇ ನಿರ್ಮಾಪಕಿ, ಅದೇ ನಿರ್ದೇಶಕ, ಅದೇ ನಟರು. ಅವರನ್ನೇ ನಂಬಿ ಇನ್ನೊಮ್ಮೆ ಹಣ ಹಾಕಿದರು. ಆ ಇಬ್ಬರೂ ಮುನಿಸಿಕೊಳ್ಳದೆ ಮೂರು ವಾರದಲ್ಲಿ ಮತ್ತೆ ಮಾಡಿ ತೋರಿಸಿದರು. ಕಂತು ಪ್ರಸಾರವಾದದ್ದು ನವೆಂಬರ್ 23ಕ್ಕೆ, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಮರುದಿನ. ಜನರ ಗಮನವೆಲ್ಲ ಬೇರೆ ಕಡೆ ಇತ್ತು ಅಂತ ಮುಂದಿನ ವಾರ ಎರಡನೇ ಕಂತಿಗೆ ಮೊದಲು ಅದನ್ನೇ ಮತ್ತೆ ಹಾಕಿದರು.

ಆ ಕಾಲದ ಎಷ್ಟೋ ಕಂತುಗಳನ್ನು ಬಿಬಿಸಿಯವರೇ ಅಳಿಸಿಹಾಕಿದ್ದಾರೆ. ಈ ಪೈಲಟ್ ಉಳಿದುಕೊಂಡಿತು. 1991ರ ಆಗಸ್ಟ್‌ನಲ್ಲಿ ಟಿವಿಯಲ್ಲೂ ಬಂತು. ಡಿವಿಡಿಯಲ್ಲಿ ಎರಡೂ ಸಿಗುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಒಂದಾದ ಮೇಲೊಂದು ತೋರಿಸಿ. ಯಾವ ಅಜ್ಜನ ಜೊತೆ ಹೋಗುತ್ತೀಯಾ ಅಂತ ಕೇಳಿ. ಅವರು ಏನು ಹೇಳಿದರು ಅಂತ ನನಗೆ ಬರೆದು ತಿಳಿಸಿ.