ಸ್ಪಷ್ಟನೆ: ಬಿಲ್ ಫಿಂಗರ್ ಸಹಾಯಕ ಚಿತ್ರಕಾರರಲ್ಲ, ಬ್ಯಾಟ್‌ಮನ್‌ನ ಕಥೆಗಾರ
ಅಮೆರಿಕದ ಕಾಮಿಕ್ಸ್ ನಾಯಕ ಬ್ಯಾಟ್‌ಮನ್, ಚಿತ್ರಕಾರ ಬಾಬ್ ಕೇನ್ ಒಬ್ಬರದೇ ಸೃಷ್ಟಿ, ಬಿಲ್ ಫಿಂಗರ್ ಅವರ ಕೈಕೆಳಗಿದ್ದ ಸಹಾಯಕ ಚಿತ್ರಕಾರ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಪರಿಶೀಲಿಸದೆ ನಾನೂ ಹಂಚಿದ್ದೆ. ಅದು ತಪ್ಪು, ಕ್ಷಮಿಸಿ.

ಫಿಂಗರ್ ಬರಹಗಾರರು. 1939ರಲ್ಲಿ ಡಿಟೆಕ್ಟಿವ್ ಕಾಮಿಕ್ಸ್‌ನ 27ನೇ ಸಂಚಿಕೆಯಲ್ಲಿ ಬಂದ ಮೊದಲ ಬ್ಯಾಟ್‌ಮನ್ ಕಥೆ ಅವರದೇ. ಕೇನ್ ಮೊದಲು ಬರೆದ ಚಿತ್ರದಲ್ಲಿ ಕೆಂಪು ಉಡುಪು, ಸೆಟೆದ ರೆಕ್ಕೆ, ಕಣ್ಣಿಗಷ್ಟೇ ಪುಟ್ಟ ಮುಖವಾಡವಿತ್ತು. ಬಾವಲಿ ಕಿವಿಯ ಮುಸುಕು, ಹಾರಾಡುವ ಮೇಲಂಗಿ, ಬೂದು ಬಣ್ಣ ಎಲ್ಲವೂ ಫಿಂಗರ್ ಸಲಹೆ. ಮುಸುಕಿನ ಹಿಂದಿನ ವ್ಯಕ್ತಿಗೆ ಬ್ರೂಸ್ ವೇನ್, ಅವನ ಊರಿಗೆ ಗಾಥಮ್ ಸಿಟಿ ಎಂಬ ಹೆಸರುಗಳೂ ಅವರು ಇಟ್ಟವು. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಬ್ಯಾಟ್‌ಮನ್ ಕಥೆ ಬರೆದರು. 1940ರಲ್ಲಿ ಚಿತ್ರಕಾರ ಮಾರ್ಟಿನ್ ನೋಡೆಲ್ ಜೊತೆ ಇನ್ನೊಬ್ಬ ಕಾಮಿಕ್ಸ್ ನಾಯಕ ಗ್ರೀನ್ ಲ್ಯಾಂಟರ್ನ್‌ಗೂ ರೂಪ ಕೊಟ್ಟರು.

ಇದಕ್ಕೆ ಆಧಾರ ಕೇನ್ ಅವರ ಮಾತೇ. 1989ರ ಆತ್ಮಕಥೆಯಲ್ಲಿ ಅವರು ಫಿಂಗರ್ ಪಾಲನ್ನು ಒಪ್ಪಿಕೊಂಡಿದ್ದಾರೆ. ಅಷ್ಟರಲ್ಲಿ ಫಿಂಗರ್ ತೀರಿಕೊಂಡು 15 ವರ್ಷ ಕಳೆದಿತ್ತು; ಈ ವಿಷಯ ನೆನೆದರೆ ಈಗಲೂ ಸಂಕಟವಾಗುತ್ತದೆ. 2015ರಲ್ಲಿ ಬ್ಯಾಟ್‌ಮನ್ ಕಾಮಿಕ್ಸ್ ಪ್ರಕಟಿಸುವ ಡಿಸಿ ಸಂಸ್ಥೆ ಫಿಂಗರ್‌ಗೆ ಅಧಿಕೃತ ಮನ್ನಣೆ ಪ್ರಕಟಿಸಿತು. 2016ರ ‘ಬ್ಯಾಟ್‌ಮನ್ ವಿ ಸೂಪರ್‌ಮನ್’ ಚಿತ್ರದಲ್ಲಿ ಬ್ಯಾಟ್‌ಮನ್ ಸೃಷ್ಟಿಗೆ ಇಬ್ಬರ ಹೆಸರೂ ಇದೆ.

ದಯವಿಟ್ಟು ಹಳೆಯ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.