ಹೇಮಾವತಿಯ ಹೂಳಿನಲ್ಲಿ ಇಪ್ಪತ್ತು ಲಕ್ಷ

ಬೇಸಿಗೆಯಲ್ಲಿ ಗೊರೂರು ಅಣೆಕಟ್ಟಿನ ಹಿನ್ನೀರು ಇಳಿದು, ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚು ಬುಡದವರೆಗೂ ಕಾಣಿಸಿಕೊಳ್ಳುವ ಹೊತ್ತಿಗೆ ನಗರಗಳಿಂದ ಹೊಸ ಬಗೆಯ ಭಕ್ತವೃಂದವೊಂದು ಹಾಸನದ ದಾರಿ ಹಿಡಿಯುತ್ತದೆ. ಇವರು ಹತ್ತೊಂಬತ್ತನೆಯ ಶತಮಾನದ ಕಟ್ಟಡವನ್ನು ನೋಡಲು ಬಂದವರಲ್ಲ. ಅದರ ಸುತ್ತ ಹರಡಿಕೊಂಡಿರುವ ಹೇಮಾವತಿಯ ಪಾತ್ರಕ್ಕೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಇಪ್ಪತ್ತು ಲಕ್ಷದ ಫೋರ್ ಬೈ ಫೋರ್ ಗಾಡಿ ಇಳಿಸಿ, ಅದು ಹೂತುಕೊಳ್ಳುವುದನ್ನು ಡ್ರೋನಿನಿಂದ ಚಿತ್ರೀಕರಿಸಿಕೊಳ್ಳಲು ಬಂದವರು.

ನೀರು ಸರಿದ ನೆಲ ನೋಡುವುದಕ್ಕೆ ಬಲು ಸಜ್ಜನ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ನಾಲ್ಕು ಬೆರಳಿನಷ್ಟು ಪದರ ಮೇಲಿರುತ್ತದೆ. ಅದರಡಿಯಲ್ಲಿ ತಿಂಗಳುಗಟ್ಟಲೆ ನೀರು ಕುಡಿದು ಕುಳಿತ ಹೂಳು ಇರುತ್ತದೆ. ಆಡು ಮೇಯಿಸುವ ಹುಡುಗ ನಡೆದುಹೋದನಲ್ಲಾ ಎಂಬ ಒಂದೇ ಆಧಾರದ ಮೇಲೆ ಒಂದೂಮುಕ್ಕಾಲು ಟನ್ನಿನ ಗಾಡಿಯನ್ನು ಅಲ್ಲಿಗೆ ನುಗ್ಗಿಸಿದರೆ, ಪದರ ಒಡೆದು ಚಕ್ರ ಇಳಿಯುತ್ತದೆ, ಆಕ್ಸಿಲರೇಟರ್ ತುಳಿದಷ್ಟೂ ಅದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ, ಕೊನೆಗೆ ಗಾಡಿಯ ಹೊಟ್ಟೆ ಕೆಸರಿನ ಮೇಲೆ ಕೂತು ನಾಲ್ಕು ಚಕ್ರಗಳೂ ಸುಮ್ಮನೆ ಸುತ್ತುತ್ತವೆ. ಇಳಿಯುವ ಮುನ್ನ ಟೈರಿನ ಗಾಳಿಯನ್ನು ಅರ್ಧಕ್ಕೆ ತರಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಆದರೆ ಬಿಟ್ಟ ಗಾಳಿಯನ್ನು ಮತ್ತೆ ತುಂಬಲು ಪಂಪು ಬೇಕು, ಪಂಪಿನ ದುಡ್ಡು ಈಗಾಗಲೇ ಬಾನೆಟ್ಟಿನ ಸ್ಟಿಕ್ಕರಿಗೆ ಹೋಗಿದೆ. ಗಾಡಿ 650 ಮಿಲಿಮೀಟರ್ ಆಳದ ನೀರಿನಲ್ಲಿ ಸಾಗಬಲ್ಲದೆಂದು ಕಂಪನಿ ಹೇಳಿರುವುದೇನೋ ನಿಜ; ಹೂಳಿನ ಲೆಕ್ಕವನ್ನು ಕಂಪನಿಯೂ ಹೇಳಿಲ್ಲ, ಇವರೂ ಕೇಳಿಲ್ಲ.

ಕಳೆದ ಬೇಸಿಗೆಯಲ್ಲಿ ದಡದ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಾ ಇಂಥದೊಂದು ಉತ್ಸವವನ್ನು ಕೊನೆಯವರೆಗೂ ನೋಡುವ ಭಾಗ್ಯ ನನ್ನದಾಗಿತ್ತು. ಒಂದು ಕಾಲಿನ ಶೂ ಕೆಸರಿನ ಪಾಲಾಗಿದ್ದ ಮಾಲೀಕರು ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ತಲುಪಿಸುವ ಡಿಫರೆನ್ಷಿಯಲ್ ಲಾಕಿನ ಮಹಿಮೆಯನ್ನು ಗೆಳೆಯರಿಗೆ ವಿವರಿಸುತ್ತಿದ್ದಾಗ ಊರಿನ ಹಿರಿಯರೊಬ್ಬರು ಟ್ರ್ಯಾಕ್ಟರ್ ತಂದು ದೂರದಲ್ಲೇ ನಿಲ್ಲಿಸಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೊಕ್ಕೆ ಎಲ್ಲೈತೆ ಸಾರ್?"

ಅದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ. ಗಾಡಿಯ ಕೈಪಿಡಿಯನ್ನು ಪ್ಲಾಸ್ಟಿಕ್ ಹೊದಿಕೆ ಹರಿದು ಮೊದಲ ಬಾರಿಗೆ ತೆರೆಯಲಾಯಿತು. ಬಂಪರಿನ ಒಂದು ಮುಚ್ಚಳ ತೆಗೆದು, ಡಿಕ್ಕಿಯಲ್ಲಿ ಜಾಕಿನ ಪಕ್ಕದಲ್ಲಿರುವ ಕೊಕ್ಕೆಯನ್ನು ತಿರುಗಿಸಿ ಕೂರಿಸಬೇಕೆಂದು ತಿಳಿಯುವಷ್ಟರಲ್ಲಿ ಮುಚ್ಚಳವೇ ಹೂಳಿನೊಳಗೆ ಇಳಿದಾಗಿತ್ತು. ಹಿರಿಯರು ಬೀಡಿ ಆರಿಸಿ, ಕೈಯಿಂದಲೇ ಕೆಸರು ಬಗೆದು, ಸರಪಳಿ ಬಿಗಿದು, ಗಟ್ಟಿನೆಲದ ಮೇಲೆ ನಿಂತಿದ್ದ ಟ್ರ್ಯಾಕ್ಟರಿನಿಂದ ಎಳೆದರು. ಆ ಟ್ರ್ಯಾಕ್ಟರ್ ಎಳೆಯುವುದು ಹಿಂದಿನ ಎರಡೇ ಚಕ್ರಗಳಿಂದ ಎಂಬುದನ್ನು ಯಾರೂ ಮಾಲೀಕರಿಗೆ ಹೇಳಲಿಲ್ಲ. ನೊಂದ ಜೀವಕ್ಕೆ ಮತ್ತೇಕೆ ನೋವು.

ಅದೃಷ್ಟಕ್ಕೆ ಅದು ಏಪ್ರಿಲ್. ಮುಂಗಾರಿನ ಒಳಹರಿವು ಶುರುವಾದ ಮೇಲೆ ಹೂತ ಗಾಡಿಗಳ ಪಾಡೇ ಬೇರೆ. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಇಂದಿನ ಮಟ್ಟ ಇಷ್ಟು ಎಂದು ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಅಚ್ಚು ಹಾಕುತ್ತವೆ. ಹೊಲಕ್ಕೆ ನೀರು ಕಾಯುವ ರೈತ ಅದನ್ನು ಓದುತ್ತಾನೆ, ಹೊಳೆಯೊಳಗೆ ಕಾರು ನಿಲ್ಲಿಸಿದವನು ಲೈಕುಗಳ ಮಟ್ಟವನ್ನು ಓದುತ್ತಾನೆ.

ಈ ಭಕ್ತಿ ನಮ್ಮ ನಾಡಿಗಷ್ಟೇ ಸೀಮಿತವೆಂದು ಬೀಗಬೇಕಾಗಿಲ್ಲ. 2023ರ ಡಿಸೆಂಬರಿನಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ಪ್ರವಾಸಿಯೊಬ್ಬರು ರಸ್ತೆಯ ವಾಹನದಟ್ಟಣೆಗೆ ಬೇಸತ್ತು ಚಂದ್ರಾ ನದಿಯೊಳಗೇ ಮಹೀಂದ್ರಾ ಥಾರ್ ಎಂಬ ಇಂಥದ್ದೇ ಗಾಡಿ ಓಡಿಸಿದರು, ಪೊಲೀಸರು ಮೋಟಾರು ವಾಹನ ಕಾಯ್ದೆಯಡಿ ದಂಡ ವಿಧಿಸಿದರು. ಆ ಗಾಡಿ ದಾಟಿತು ಎಂಬುದೇ ಅನಾಹುತ. ಆ ವಿಡಿಯೊ ನೋಡಿ ಎಷ್ಟು ಗಾಡಿಗಳು ಎಷ್ಟು ಹೊಳೆಗಳಿಗೆ ಇಳಿದವೋ.

ಶೆಟ್ಟಿಹಳ್ಳಿಯ ಗಾಡಿಯ ವಿಡಿಯೊ ಕೂಡ ಆಮೇಲೆ ಬಂತು. ಕೆಸರು ಚಿಮ್ಮುವುದಿದೆ, ಎಂಜಿನ್ ಗರ್ಜಿಸುವುದಿದೆ, ಗಾಡಿ ದಡಕ್ಕೇರುವುದೂ ಇದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂದು ಟ್ರ್ಯಾಕ್ಟರನ್ನು ಮಾತ್ರ ಕತ್ತರಿಸಲಾಗಿದೆ. ಒಂದು ಮೂಲೆಯಲ್ಲಿ ಸರಪಳಿಯ ತುದಿ ಉಳಿದುಬಿಟ್ಟಿದೆ. ಹಿರಿಯರು ಈಗ ಇನ್ನೂ ಇಪ್ಪತ್ತು ಅಡಿ ಸರಪಳಿ ಖರೀದಿಸಿದ್ದಾರೆ, ಭಾನುವಾರ ಉಳುಮೆಗೆ ಬರುವುದಿಲ್ಲವೆಂದು ಅಕ್ಕಪಕ್ಕದ ಹೊಲದವರಿಗೆ ತಿಳಿಸಿಯೂ ಇದ್ದಾರೆ.