ಸಣ್ಣ ಉದ್ದಿಮೆಗೆ ಸೈಬರ್ ವಿಮೆ ಬೇಕೆ?

ಪರ: ದಾಳಿಯಾದ ಮೇಲಿನ ಖರ್ಚು ಯಾರದು?

ಕಟ್ಟಡಕ್ಕೆ ಬೆಂಕಿ ವಿಮೆ, ಲಾರಿಗೆ ಅಪಘಾತ ವಿಮೆ ತಪ್ಪದೆ ಮಾಡಿಸುವ ಮಾಲೀಕರು, ಗ್ರಾಹಕರ ಲೆಕ್ಕವೆಲ್ಲ ತುಂಬಿರುವ ಕಂಪ್ಯೂಟರನ್ನು ಮಾತ್ರ ದೇವರ ಮೇಲೆ ಭಾರ ಹಾಕಿ ಬಿಡುವುದನ್ನು ಲೆಕ್ಕಪರಿಶೋಧಕನಾಗಿ ಪ್ರತಿ ವರ್ಷ ನೋಡುತ್ತೇನೆ. ಸೈಬರ್ ಹೊಣೆಗಾರಿಕೆ ವಿಮೆ ಸಾಮಾನ್ಯವಾಗಿ ಎರಡು ಬಗೆಯ ನಷ್ಟವನ್ನು ಹೊರುತ್ತದೆ. ದತ್ತಾಂಶವನ್ನು ಮರಳಿ ಪಡೆಯುವ ಖರ್ಚು, ತಜ್ಞರ ತಪಾಸಣೆಯ ಶುಲ್ಕ, ಕೆಲಸ ನಿಂತ ದಿನಗಳ ವರಮಾನ ಇವೆಲ್ಲ ನಮ್ಮ ಸ್ವಂತ ನಷ್ಟ. ಮಾಹಿತಿ ಸೋರಿಕೆಯಿಂದ ತೊಂದರೆಗೊಳಗಾದವರು ಹೂಡುವ ದಾವೆಯ ವೆಚ್ಚ ಮತ್ತು ಅವರಿಗೆ ಕೊಡಬೇಕಾದ ಪರಿಹಾರ ಇನ್ನೊಂದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಆ ದಂಡವನ್ನೂ ವಿಮೆಯೇ ಕಟ್ಟುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಆ ಆರು ಗಂಟೆಗಳಲ್ಲಿ ಯಾರಿಗೆ ಫೋನ್ ಮಾಡಬೇಕೆಂದೇ ತೋಚದ ಮಾಲೀಕನಿಗೆ ವಿಮಾ ಕಂಪನಿಯ ತಜ್ಞರು ಜೊತೆಗಿರುವುದು ಸಣ್ಣ ಸಂಗತಿಯಲ್ಲ. ವಿರೋಧಿಸುವವರು ಪ್ರೀಮಿಯಂ ದುಬಾರಿ ಎನ್ನುವುದನ್ನು ಬಿಟ್ಟು ಬೇರೆ ಕಾರಣ ಹೇಳಿದ್ದನ್ನು ನಾನು ಕೇಳಿಲ್ಲ.

ವಿರೋಧ: ನನ್ನ ಹಣ ಹೋದ ದಾರಿಗೆ ವಿಮೆ ಇರಲಿಲ್ಲ

ನನ್ನ ತಕರಾರು ಪ್ರೀಮಿಯಂ ಬಗ್ಗೆ ಅಲ್ಲ. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಘಟಕ ನನ್ನದು. ಮೂರು ವರ್ಷ ತಪ್ಪದೆ ಕಂತು ಕಟ್ಟಿದ್ದೆ. ಒಂದು ಶನಿವಾರ, ಉಕ್ಕು ಪೂರೈಸುವವರ ಹೆಸರಿನಲ್ಲಿ, ತಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಇ-ಮೇಲ್ ಬಂತು. ಬಿಲ್ಲಿನ ಸಂಖ್ಯೆ, ಮೊತ್ತ, ಸೀಲು ಎಲ್ಲವೂ ಸರಿಯಾಗಿಯೇ ಇದ್ದವು. ವಿಳಾಸದಲ್ಲಿ ಮಾತ್ರ ಇಂಗ್ಲಿಷಿನ ‘ಎಂ’ ಇರಬೇಕಾದ ಕಡೆ ‘ಆರ್’ ಮತ್ತು ‘ಎನ್’ ಅಕ್ಕಪಕ್ಕ ಕೂತಿದ್ದವು. ಹತ್ತು ವರ್ಷ ನನ್ನ ಲೆಕ್ಕ ನೋಡಿಕೊಂಡ ಹೆಣ್ಣುಮಗಳು ಅದನ್ನು ಗಮನಿಸದೆ 11 ಲಕ್ಷ ರೂಪಾಯಿ ಆರ್‌ಟಿಜಿಎಸ್ ಮಾಡಿದಳು. ಸೋಮವಾರ ಉಕ್ಕಿನವರು ‘ಪೇಮೆಂಟ್ ಯಾವಾಗ ಸಾರ್?’ ಎಂದು ಕೇಳಿದಾಗಲೇ ನಮಗೆ ಗೊತ್ತಾದದ್ದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಷ್ಟರಲ್ಲಿ ಹಣ ಹಲವು ಖಾತೆಗಳಿಗೆ ಹಂಚಿಹೋಗಿತ್ತು.

ನಿಮ್ಮ ಕಂಪ್ಯೂಟರಿಗೆ ಯಾರೂ ನುಗ್ಗಿಲ್ಲ, ನಿಮ್ಮ ಸಿಬ್ಬಂದಿಯೇ ಒಪ್ಪಿ ಕಳಿಸಿದ್ದಾರೆ, ಆ ಬಗೆಯ ವಂಚನೆಗೆ ನೀವು ಪ್ರತ್ಯೇಕ ರಕ್ಷಣೆ ಪಡೆದಿಲ್ಲ ಎಂದು ವಿಮಾ ಕಂಪನಿ ಉತ್ತರ ಬರೆಯಿತು. ಷರತ್ತು ಪಾಲಿಸಿಯ 23ನೇ ಪುಟದಲ್ಲಿ ಇತ್ತು, ನಿಜ. ಆದರೆ ವಿಮೆ ಮಾರಲು ಬಂದವರು ಆ ಪುಟವನ್ನು ನನ್ನ ಮುಂದೆ ತೆರೆಯಲಿಲ್ಲ. 2017ರ ನಾಟ್‌ಪೆಟ್ಯಾ ಎಂಬ, ಕಂಪ್ಯೂಟರುಗಳನ್ನು ಕೆಡಿಸುವ ಕುತಂತ್ರಾಂಶದ ದಾಳಿಯಲ್ಲಿ ನಷ್ಟಕ್ಕೊಳಗಾದ ಅಮೆರಿಕದ ಮರ್ಕ್ ಔಷಧ ಕಂಪನಿಗೇ ವಿಮಾದಾರರು ‘ಇದು ಯುದ್ಧಕೃತ್ಯ, ಇದಕ್ಕೆ ವಿಮೆ ಇಲ್ಲ’ ಎಂದು ವಾದಿಸಿದ್ದರು. ಅದು ಆಸ್ತಿ ವಿಮೆಯ ವ್ಯಾಜ್ಯವಾದರೂ, ಮೇಲ್ಮನವಿ ನ್ಯಾಯಾಲಯ ಮರ್ಕ್ ಪರ ತೀರ್ಪು ಕೊಡಲು 2023 ಬರಬೇಕಾಯಿತು. ಅಷ್ಟು ಕಾಲ ವಕೀಲರನ್ನಿಟ್ಟು ಕಾಯುವ ಶಕ್ತಿ ನನ್ನಂಥವನಿಗೆ ಎಲ್ಲಿಂದ ಬರಬೇಕು?

ಗ್ರಾಹಕರು ದಾವೆ ಹೂಡುತ್ತಾರೆ ಎಂಬ ಹೆದರಿಕೆ ನನಗಿಲ್ಲ. ನನ್ನ ಗ್ರಾಹಕರು ಹದಿನಾಲ್ಕು ಕಾರ್ಖಾನೆಗಳವರು, ಏನಾದರೂ ಆದರೆ ಮೊದಲು ಫೋನ್ ಮಾಡುವವರು. ಈ ವರ್ಷ ಪಾಲಿಸಿಯನ್ನು ನವೀಕರಿಸಲಿಲ್ಲ. ಆ ಹಣದಲ್ಲಿ ಎರಡು ಹಾರ್ಡ್ ಡಿಸ್ಕ್ ಕೊಂಡೆ. ಖಾತೆ ಬದಲಾಗಿದೆ ಎಂದು ಯಾರೇ ಬರೆದರೂ ನಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ಕರೆ ಮಾಡಿ ಕೇಳಿದ ಮೇಲೆಯೇ ಹಣ ಹೋಗುತ್ತದೆ. ಸಂಜೆ ಆರಕ್ಕೆ ಬ್ಯಾಕಪ್ ಮುಗಿದೊಡನೆ ಆ ಹೆಣ್ಣುಮಗಳೇ ಒಂದು ಡಿಸ್ಕಿನ ವಯರು ಕಿತ್ತು ನನ್ನ ಕೈಗೆ ಕೊಡುತ್ತಾಳೆ, ನಾನು ಮನೆಗೆ ಒಯ್ಯುತ್ತೇನೆ.